ನಮ್ಮ ಉಳ್ಳಾಗಡ್ಡಿ ಕಡಲಿಗಿಳಿಯುವ ಊರು

ಮಂಗಳೂರಿಗೆ ಎರಡು ಬಂದರು. ಪಣಂಬೂರಿನದು ಹೊಸದು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದು. ಕಲ್ಲಿದ್ದಲು, ಕಚ್ಚಾ ತೈಲದ ದೊಡ್ಡ ಹಡಗುಗಳು ಬಂದು ನಿಲ್ಲುವುದು ಅಲ್ಲಿ. ಮುದ್ದೇಬಿಹಾಳದಿಂದ ಬಂದ ನಮ್ಮ ಬೀಗರು ನೋಡಬೇಕೆನ್ನುವುದು ಅದನ್ನು, ಇಲ್ಲವೇ ಪಕ್ಕದ ಬೀಚನ್ನು. ನಾನು ಅವರನ್ನು ಮೊದಲು ಕರೆದೊಯ್ಯುವುದು ಹಳೆಯ ಬಂದರಿಗೆ. ಅದು ಕಡಲ ದಂಡೆಯ ಮೇಲಿಲ್ಲ, ಹೊಳೆಯ ದಂಡೆಯ ಮೇಲಿದೆ. ಮಂಗಳೂರು ಹುಟ್ಟಿದ್ದೂ ಅಲ್ಲೇ.

ಗುರುಪುರ ಹೊಳೆ, ಅಂದರೆ ಫಲ್ಗುಣಿ, ಕಡಲ ಹತ್ತಿರ ಬಂದರೂ ಒಮ್ಮೆಲೇ ಅದನ್ನು ಸೇರುವುದಿಲ್ಲ. ನಡುವೆ ತಣ್ಣೀರುಬಾವಿ, ಬೆಂಗ್ರೆಗಳ ಉದ್ದನೆಯ ಮರಳು ದಿಬ್ಬ ಅಡ್ಡ ಮಲಗಿದೆ. ಹೊಳೆ ಆ ದಿಬ್ಬದ ಬೆನ್ನಿಗೇ ದಕ್ಷಿಣಕ್ಕೆ ಹರಿದು, ಘಟ್ಟದಿಂದ ಇಳಿದು ಬಂದ ನೇತ್ರಾವತಿಯನ್ನು ಕೂಡಿಕೊಂಡು, ಅಳಿವೆ ಬಾಗಿಲಲ್ಲಿ ಕಡಲಿಗೆ ಬೀಳುತ್ತದೆ. ದಿಬ್ಬದ ಈಚೆಗೆ ಅಲೆಯ ಹೊಡೆತವಿಲ್ಲ. ಹಾಯಿ ಹಡಗಿನ ಕಾಲದಲ್ಲಿ ವರ್ತಕರಿಗೆ ಇಂಥ ಜಾಗವೇ ಬೇಕಿತ್ತು. ಆದರೆ ಎರಡೂ ಹೊಳೆಗಳು ಮಳೆಗಾಲದಲ್ಲಿ ಹೊತ್ತು ತರುವ ಹೂಳು ಬಾಗಿಲಲ್ಲೇ ಕೂರುತ್ತದೆ. ಆಳ ಸಾಲದೆ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಾಗುತ್ತಿತ್ತು. ಸರಕು ದೋಣಿಗಳಲ್ಲಿ ಹೋಗಿ ಬರುತ್ತಿತ್ತು. ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಲು ಇದೂ ಒಂದು ಕಾರಣ.

ಹಳೆಯ ಬಂದರು ಇನ್ನೂ ಜೀವಂತವಾಗಿದೆ. ದಕ್ಕೆಯಲ್ಲಿ, ಅಂದರೆ ದೋಣಿ ನಿಲ್ಲುವ ಕಟ್ಟೆಯಲ್ಲಿ, ಮೀನಿನ ಬೋಟುಗಳು, ಅದರಾಚೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು. ಮಂಜಿ ಎಂದರೆ ಮರದ ಸರಕು ಹಡಗು. ಹವಳದ ಆ ದ್ವೀಪಗಳಲ್ಲಿ ಅಕ್ಕಿ ಬೆಳೆಯುವುದಿಲ್ಲ, ಮನೆ ಕಟ್ಟಲು ಜಲ್ಲಿಯೂ ಸಿಗುವುದಿಲ್ಲ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ, ಆಡು, ಎಲ್ಲ ಇಲ್ಲಿಂದಲೂ ಹೋಗುತ್ತವೆ. ಬಂದರಿನ ಓಣಿಗಳ ಸಗಟು ಅಂಗಡಿಗಳ ಮುಂದೆ ನಮ್ಮ ವಿಜಯಪುರದ ಕೆಎ 28 ನಂಬರಿನ ಲಾರಿ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಬಾಗೇವಾಡಿ ಕಡೆಯ ಉಳ್ಳಾಗಡ್ಡಿ ಚೀಲಗಳು ಇಳಿಯುತ್ತಿರುತ್ತವೆ. ಒಮ್ಮೆ ಲಾರಿಯ ಚಾಲಕ ಚೀಲದ ಮೇಲೆ ಕೈಯಿಟ್ಟು ಹೇಳಿದ: ‘ಅಕ್ಕೋರ, ನಮ್ಮ ಮಾಲು ಇನ್ನೂ ಮುಂದ ದರಿಯಾದಾಗ ಹೋಗ್ತೈತಂತ್ರಿ. ನಾವು ಇಲ್ಲಿಂದ ಹೊಳ್ಳಿ ಹೋಗೋದಷ್ಟ.’ ಬೆಳೆದ ರೈತನಿಗೆ ತನ್ನ ಗಡ್ಡೆ ಯಾವ ದ್ವೀಪದ ಸಾರಿನಲ್ಲಿ ಬೇಯುತ್ತದೆಂದು ಯಾರೂ ಹೇಳಿರುವುದಿಲ್ಲ. ಅದಕ್ಕೇ ಈ ಬರಹ.

ಈ ಬಂದರಿನ ಕಡಲ ದಾರಿ ಬಹಳ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ, ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಕಾಲದಲ್ಲೇ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ವರ್ಷಗಟ್ಟಲೆ ಬಾಳಿದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿ ಬಂದ ಆಳಿನ ಹೆಸರು ಬೊಮ್ಮ. ಕೈರೋದ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಉಳಿದ ಹಳೆಯ ಪತ್ರಗಳಿಂದ ಇದೆಲ್ಲ ತಿಳಿಯಿತು. ಅಮಿತಾವ್ ಘೋಷ್ 1992ರಲ್ಲಿ ಬೊಮ್ಮನ ಜಾಡು ಹಿಡಿದು ಒಂದು ಪುಸ್ತಕವನ್ನೇ ಬರೆದರು. ರಾಜರಿಗೆ ಶಾಸನಗಳಿವೆ. ಒಬ್ಬ ಆಳಿನ ಹೆಸರು ಎಂಟುನೂರು ವರ್ಷ ಉಳಿದದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊಳೆ ಕೊಟ್ಟ ಇನ್ನೊಂದು ವಸ್ತು ಹಂಚು. ಬಾಸೆಲ್ ಮಿಶನ್ನಿನವರು ಇಲ್ಲಿಗೆ ಬಂದಿಳಿದದ್ದು 1834ರಲ್ಲಿ. 1865ರಲ್ಲಿ ಅವರದೇ ಹಂಚಿನ ಕಾರ್ಖಾನೆ ಶುರುವಾಯಿತು. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ಬಂದರಿನಿಂದ ಪೂರ್ವ ಆಫ್ರಿಕಾದವರೆಗೆ ಹೋಗುತ್ತಿತ್ತು. ಇಳಿಜಾರು ಹಂಚಿನ ಮಾಡು ಇಲ್ಲಿ ಯಾಕೆ ಬೇಕೆಂದು ಮೊದಲ ಜೂನಿನಲ್ಲೇ ಗೊತ್ತಾಗುತ್ತದೆ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಇಲ್ಲಿ 3,500ಕ್ಕೂ ಹೆಚ್ಚು. ನಮ್ಮ ಮಣ್ಣಿನ ಮಾಳಿಗೆ ಇಲ್ಲಿ ಒಂದು ವಾರ ತಾಳದು.

ಇಷ್ಟು ಮಳೆ ಬಿದ್ದರೂ ಈ ನಗರ 2016ರಲ್ಲಿ, ಮತ್ತೆ 2019ರಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಒದ್ದಾಡಿತು. ನೇತ್ರಾವತಿ ಗಿಡ್ಡ ಹೊಳೆ. ಘಟ್ಟದಲ್ಲಿ ಬಿದ್ದ ನೀರು ಹೆಚ್ಚು ಹೊತ್ತು ನಿಲ್ಲದೆ ಕಡಲು ಸೇರುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ಹಿಡಿದಿಟ್ಟಷ್ಟೇ ಊರಿಗೆ ದಕ್ಕುವುದು. ನಮ್ಮ ಕೃಷ್ಣೆಯ ಕಥೆ ಬೇರೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟದ್ದು 1964ರ ಮೇ 22ರಂದು. ಇಂದು ಅಲ್ಲಿ ಸಮುದ್ರ ಮಟ್ಟದಿಂದ 519.6 ಮೀಟರ್ ಎತ್ತರದವರೆಗೆ 123 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರಿನಡಿ ಹಳೆಯ ಕೊಲ್ಹಾರದಂಥ ಊರುಗಳು ಹೋದವು. ನೀರು ನಿಂತ ಮೇಲೂ ಎಲ್ಲ ಹೊಲಕ್ಕೆ ಅದು ಮುಟ್ಟಲಿಲ್ಲ. ಮುಟ್ಟದ ಹೊಲದವರು ಗಂಟುಮೂಟೆ ಕಟ್ಟಿ ದುಡಿಮೆಗೆ ಹೊರಟರು, ಗೋವೆಗೆ, ಪುಣೆಗೆ, ಮಂಗಳೂರಿಗೆ.

ಮಂಗಳೂರಿನ ಯಾವ ಓಣಿಯಲ್ಲಿ ರಸ್ತೆ ಅಗೆದಿದ್ದರೂ ಕಿವಿಗೊಟ್ಟು ಕೇಳಿ. ಕೇಬಲ್ ಗುಂಡಿಯೊಳಗಿಂದ ಸಿಂದಗಿಯ ಮಾತು ಕೇಳುತ್ತದೆ, ಸ್ಲ್ಯಾಬ್ ಮೇಲಿನಿಂದ ಇಂಡಿಯ ಮಾತು. 2019ರಲ್ಲಿ ವಿಜಯಪುರದಿಂದ ಇಲ್ಲಿಗೆ ರೈಲು ಶುರುವಾದದ್ದು ಈ ಜನಕ್ಕೆ ದೊಡ್ಡ ಆಸರೆ. ಅದು ಆಲಮಟ್ಟಿಯಲ್ಲಿ ಕೃಷ್ಣೆಯನ್ನು ದಾಟಿ, ಸಕಲೇಶಪುರದ ಘಟ್ಟ ಇಳಿದು, ಬಂಟ್ವಾಳದ ಹತ್ತಿರ ನೇತ್ರಾವತಿಯನ್ನು ದಾಟಿ ಬರುತ್ತದೆ.

ಇಲ್ಲಿನ ಶಾಲೆಯಲ್ಲಿ ಕಲಿಸುತ್ತ ನಾನು ಕಂಡುಕೊಂಡ ಸಂಗತಿಯೊಂದಿದೆ. ಬಂದರಿನ ಪಂಚಾಂಗವೂ ನಮ್ಮ ತಾಲ್ಲೂಕುಗಳ ಪಂಚಾಂಗವೂ ಒಂದಕ್ಕೊಂದು ಹೆಣೆದುಕೊಂಡಿವೆ. ಮುಂಗಾರು ಬಂತೆಂದರೆ ಮಂಜಿಗಳು ಹೊಳೆಯೊಳಗೆ ಕಟ್ಟಿ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಕಟ್ಟಡದ ಕೆಲಸ ಕುಂಟುತ್ತದೆ. ಅದೇ ಹೊತ್ತಿಗೆ ಊರಲ್ಲಿ ತೊಗರಿ ಬಿತ್ತಬೇಕು. ಕಡಲು ಮುಚ್ಚಿದಾಗ ಹೊಲ ಕರೆಯುತ್ತದೆ. ಹಿಂಗಾರಿನ ಬಿಳಿಜೋಳ ಬಿತ್ತಿ ಮುಗಿಯುವ ಹೊತ್ತಿಗೆ ಇಲ್ಲಿ ಆಕಾಶ ತಿಳಿಯಾಗಿ, ಮಂಜಿಗಳು ಹೊರಟು, ಕಾಂಕ್ರೀಟಿನ ಯಂತ್ರಗಳು ತಿರುಗತೊಡಗುತ್ತವೆ. ಎರಡು ನಾಡುಗಳೂ ಒಂದೇ ಮಳೆಯ ಲೆಕ್ಕದಲ್ಲಿ ಬದುಕುತ್ತಿವೆ. ನಮ್ಮವರನ್ನು ಘಟ್ಟದ ಮೇಲಿನಿಂದ ಬಂದ ಪರವೂರಿನವರು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅವರು ಈ ಬಂದರಿನ ವರ್ಷದ ಅರ್ಧ ಭಾಗ.

ಆ ಪಂಚಾಂಗಕ್ಕೆ ಹೊಂದದೆ ಉಳಿದದ್ದು ಶಾಲೆಯದು. ಜೂನಿನಲ್ಲಿ ನಮ್ಮ ತರಗತಿ ತೆರೆದಾಗ ದುಡಿಯಲು ಬರುವ ನಮ್ಮವರ ಮಕ್ಕಳು ಊರಲ್ಲಿರುತ್ತಾರೆ; ದಸರಾ ರಜೆ ಮುಗಿದ ಮೇಲೆ ಅವ್ವನ ಸೆರಗು ಹಿಡಿದು ಬರುತ್ತಾರೆ. ಕಳೆದ ಸಲ ಸಿಂದಗಿ ತಾಲ್ಲೂಕಿನ ಹುಡುಗಿಯೊಬ್ಬಳು ಬಂದಾಗ ಅವಳ ತಾಯಿ ಬಾಗಿಲಲ್ಲೇ ನಿಂತಿದ್ದಳು. ‘ಟಿಸಿ ಇಲ್ಲರಿ ಅಕ್ಕೋರ. ಬ್ಯಾರೆ ಕಡೆ ಕೇಳಿದ್ರ ಅದನ್ನ ತಗೊಂಡ ಬಾ ಅಂದ್ರು.’ ಹೋಗಿ ಬರುವ ಖರ್ಚು ಎಷ್ಟು ದಿನದ ಪಗಾರ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹುಡುಗಿ ಆ ಮಧ್ಯಾಹ್ನವೇ ಬಿಸಿಯೂಟಕ್ಕೆ ಕುಳಿತಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಇದನ್ನು ಓದುವವರಿಗೆ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸು ಕಳಿಸುವಂತಿಲ್ಲ. ನಿಮ್ಮ ಓಣಿಯಿಂದ ಯಾರಾದರೂ ಇತ್ತ ಹೊರಟರೆ ಇಷ್ಟು ಹೇಳಿ ಕಳಿಸಿ: ಮಗುವಿನ ಸ್ಯಾಟ್ಸ್ ನಂಬರನ್ನು, ಅಂದರೆ ಶಾಲಾ ದಾಖಲೆಯ ಗುರುತಿನ ಸಂಖ್ಯೆಯನ್ನು, ಊರಿನ ಗುರುಗಳ ಹತ್ತಿರ ಒಂದು ಚೀಟಿಯಲ್ಲಿ ಬರೆಸಿಕೊಳ್ಳಲಿ, ಇಲ್ಲಿಗೆ ಬಂದ ಮರುದಿನವೇ ಹತ್ತಿರದ ಶಾಲೆಗೆ ಕರೆತರಲಿ. ಉಳಿದ ಕಾಗದಗಳನ್ನು ಶಾಲೆಯಿಂದ ಶಾಲೆಗೆ ನಾವೇ ತರಿಸಿಕೊಳ್ಳುತ್ತೇವೆ.