ಮೇಸ್ತ್ರಿಯ ಹಣ, ಮಾಲೀಕನ ಲೆಕ್ಕ

ಗುತ್ತಿಗೆ ಎಂಬ ಮಾತಿಗೆ ನಮ್ಮ ಕಡೆ ಹಲವು ಅರ್ಥ. ಶಿರಸಿ ತಾಲೂಕಿನ ದಾಸನಕೊಪ್ಪದಲ್ಲಾಗಲಿ, ಆಚೆ ಸಿದ್ದಾಪುರ, ಯಲ್ಲಾಪುರಗಳಲ್ಲಾಗಲಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುತ್ತಾರೆ, ಅಂಗಡಿ ಕಟ್ಟಿಸಲು ಗುತ್ತಿಗೆ ಕೊಡುತ್ತಾರೆ, ಅಡಿಕೆ ಸುಲಿಸುವುದನ್ನೂ ಗುತ್ತಿಗೆಗೆ ವಹಿಸುತ್ತಾರೆ. ತೆರಿಗೆಯ ಕಣ್ಣಿಗೆ ಇವೆಲ್ಲ ಒಂದೇ ಅಲ್ಲ. ಫಸಲು ಹಿಡಿಯುವುದು ಮಾಲಿನ ಖರೀದಿ. ಆಳುಗಳಿಗೆ ನೀವೇ ದಿನದ ಲೆಕ್ಕದಲ್ಲಿ ಕೊಡುವುದು ಕೂಲಿ. ಆದರೆ ಒಬ್ಬ ಮೇಸ್ತ್ರಿ ಜನರನ್ನು ಕರೆತಂದು, ಕೆಲಸ ಮುಗಿಸಿಕೊಡುವ ಹೊಣೆ ಹೊತ್ತು, ಒಟ್ಟು ಹಣ ಪಡೆದರೆ ಅದು ಕೆಲಸದ ಗುತ್ತಿಗೆ. ಅಲ್ಲಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ತೆರಿಗೆ ಮುರಿದುಕೊಳ್ಳುವ ನಿಯಮ ಬರುತ್ತದೆ. 1961ರ ಕಾಯ್ದೆಯಲ್ಲಿ ಇದು 194ಸಿ ಕಲಮಾಗಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆಂದು ಮಾಡಿದ 2025ರ ಹೊಸ ಕಾಯ್ದೆಯಲ್ಲಿ 393ನೇ ಕಲಮಿನೊಳಗೆ ಸೇರಿದೆ.

ಯಾರು ಮುರಿಯಬೇಕು? ಒಬ್ಬರೇ ನಡೆಸುವ ವ್ಯಾಪಾರವಾದರೆ, ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ರೂಪಾಯಿ ದಾಟಿದ್ದರೆ ಮಾತ್ರ. ಅಡಿಕೆ ಮಂಡಿಯವರಿಗೆ ಕೋಟಿ ದೊಡ್ಡ ಮಾತಲ್ಲ; ಕಿರಾಣಿ ಅಂಗಡಿಯವರು ಹೆಚ್ಚಾಗಿ ಹೊರಗುಳಿಯುತ್ತಾರೆ. ಆದರೆ ಅಣ್ಣತಮ್ಮಂದಿರು ಸೇರಿ ಪಾಲುದಾರಿಕೆ ಫರ್ಮು ಮಾಡಿಕೊಂಡಿದ್ದರೆ ಈ ಕೋಟಿಯ ವಿನಾಯಿತಿ ಇಲ್ಲ. ವಹಿವಾಟು ಎಷ್ಟೇ ಇರಲಿ, ಮುರಿಯಲೇಬೇಕು. ಟ್ರಸ್ಟ್ ಮತ್ತು ನೋಂದಾಯಿತ ಸಂಘಗಳಿಗೂ ಇದೇ ಮಾತು. ಮಸೀದಿ, ಮದ್ರಸ, ಶಾದಿ ಮಹಲ್ ಕಟ್ಟಿಸುವ ಜಮಾಅತ್ ಕಮಿಟಿಗಳು ಇದನ್ನು ಗಮನಿಸಬೇಕು. ಚಂದಾದ ಹಣಕ್ಕೆ ಎಂಥ ತೆರಿಗೆ ಎನ್ನುವವರಿದ್ದಾರೆ. ಆದರೆ ತೆರಿಗೆ ಚಂದಾದ ಮೇಲಲ್ಲ, ಗುತ್ತಿಗೆದಾರನ ಆದಾಯದ ಮೇಲೆ.

ಒಂದೇ ಪಾವತಿ 30,000 ರೂಪಾಯಿ ಮೀರಿದರೆ, ಅಥವಾ ವರ್ಷದಲ್ಲಿ ಒಟ್ಟು ಒಂದು ಲಕ್ಷ ಮೀರಿದರೆ ಮುರಿಯಬೇಕು. ಮೇಸ್ತ್ರಿ ಒಬ್ಬನೇ ವ್ಯಕ್ತಿಯಾದರೆ ಶೇ. 1, ಫರ್ಮು ಅಥವಾ ಕಂಪನಿಯಾದರೆ ಶೇ. 2. ಬಿಲ್ಲು ತುಂಡು ಮಾಡಿ 28,000ದಂತೆ ನಾಲ್ಕು ಸಲ ಕೊಟ್ಟರೆ ತಪ್ಪಿಸಿಕೊಂಡೆವು ಎಂದುಕೊಳ್ಳುವವರುಂಟು. ಒಟ್ಟು 1,12,000 ಆಯಿತಲ್ಲ, ಅಷ್ಟಕ್ಕೂ 1,120 ರೂಪಾಯಿ ಮುರಿಯಲೇಬೇಕು. ಮುಂಗಡಕ್ಕೂ ಇದೇ ನಿಯಮ.

ನಾಲ್ಕು ಲಕ್ಷದ ಕಟ್ಟಡ ಗುತ್ತಿಗೆಯನ್ನೇ ನೋಡಿ. ತೆರಿಗೆ 4,000 ರೂಪಾಯಿ. ಮೇಸ್ತ್ರಿ ಪ್ಯಾನ್ ಕೊಡದಿದ್ದರೆ, ಅಥವಾ ಆಧಾರ್ ಜೋಡಣೆಯಾಗದೆ ಅದು ನಿಷ್ಕ್ರಿಯವಾಗಿದ್ದರೆ ಶೇ. 20, ಅಂದರೆ 80,000! ಮಾಲೀಕ ಮುರಿಯದೇ ಬಿಟ್ಟರೆ ಆ ಖರ್ಚಿನ ಶೇ. 30, ಅಂದರೆ 1,20,000 ರೂಪಾಯಿಯನ್ನು ಅವನ ಲಾಭಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ. ಮುರಿದು ಕಟ್ಟದೆ ಕೈಯಲ್ಲಿಟ್ಟುಕೊಂಡರೆ ತಿಂಗಳಿಗೆ ಶೇ. 1.5 ಬಡ್ಡಿ. ನನ್ನ ದೃಷ್ಟಿಯಲ್ಲಿ ಈ ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಇನ್ನೊಬ್ಬರ ಅಮಾನತ್ತು.

ಮುರಿದ ಹಣವನ್ನು ಮರುತಿಂಗಳ 7ರೊಳಗೆ ಕಟ್ಟಬೇಕು. ಮಾರ್ಚಿನದಕ್ಕೆ ಏಪ್ರಿಲ್ 30ರವರೆಗೆ ಅವಕಾಶ. ಅದಕ್ಕೆ ಟ್ಯಾನ್ ಎಂಬ ಬೇರೆ ಸಂಖ್ಯೆ ಬೇಕು. ಹಣ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಯಾರ ಹೆಸರಿನಲ್ಲಿ ಎಷ್ಟು ಎಂಬ ತ್ರೈಮಾಸಿಕ ವಿವರಪಟ್ಟಿಯನ್ನು ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದು ತೆರಿಗೆಯ ಮೊತ್ತ ಮೀರುವಂತಿಲ್ಲ ಎಂಬುದಷ್ಟೇ ಸಮಾಧಾನ.

ಈ ಪಟ್ಟಿಯಲ್ಲೇ ಬಡವನಿಗೆ ಪೆಟ್ಟು ಬೀಳುವುದು. ನಾಲ್ಕು ಲಕ್ಷವನ್ನು ಬ್ಯಾಂಕಿನ ಮೂಲಕ ಪಡೆದ ಸಣ್ಣ ಮೇಸ್ತ್ರಿ, ಅಂದಾಜು ಆದಾಯದ ಪದ್ಧತಿಯಲ್ಲಿ ಶೇ. 6ರಂತೆ 24,000 ರೂಪಾಯಿ ಆದಾಯ ತೋರಿಸಬಹುದು. ಅವನಿಗೆ ಬೇರೆ ಆದಾಯವಿಲ್ಲದಿದ್ದರೆ ತೆರಿಗೆಯೇ ಇಲ್ಲ. ರಿಟರ್ನ್ ಸಲ್ಲಿಸಿದರೆ 4,000 ಪೂರ್ತಿ ವಾಪಸು ಬರುತ್ತದೆ. ಮಾಲೀಕ ಪ್ಯಾನಿನ ಒಂದು ಅಕ್ಷರ ತಪ್ಪಿಸಿದರೆ ಆ ಹಣ ಮೇಸ್ತ್ರಿಯ ಖಾತೆಯಲ್ಲಿ ಕಾಣುವುದಿಲ್ಲ. ಅದನ್ನು ಸರಿಪಡಿಸಲು ತಿದ್ದುಪಡಿ ಪಟ್ಟಿ ಸಲ್ಲಿಸಬೇಕಾದವನೂ ಮಾಲೀಕನೇ. ಮೇಸ್ತ್ರಿ ತಾನಾಗಿ ಏನೂ ಮಾಡಲಾರ. ಮುರಿದದ್ದಕ್ಕೆ ಪ್ರಮಾಣಪತ್ರ ಕೊಡುವುದೂ ಮಾಲೀಕನ ಹೊಣೆ, ಕೇಳಿದರೆ ಮಾತ್ರ ಕೊಡುವ ಉಪಕಾರವಲ್ಲ. ಕುರ್‌ಆನಿನ ಅತಿ ದೀರ್ಘ ವಚನ, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತದ್ದು ಎಂಬುದನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಬಾಯಿಮಾತಿನ ಗುತ್ತಿಗೆಯೇ ನಮ್ಮಲ್ಲಿ ಇನ್ನೂ ಹೆಚ್ಚು.

ಸ್ವಂತ ವಾಸದ ಮನೆ ಕಟ್ಟಿಸುವವರಿಗೆ ಈ ನಿಯಮ ತಾಗದು. ಒಬ್ಬ ಗುತ್ತಿಗೆದಾರನಿಗೆ ವರ್ಷದಲ್ಲಿ 50 ಲಕ್ಷ ಮೀರಿ ಕೊಟ್ಟರೆ ಬೇರೆ ನಿಯಮದಂತೆ ಶೇ. 2 ಮುರಿಯಬೇಕು. ಲಾರಿ ಬಾಡಿಗೆಯದು ಇನ್ನೊಂದು ಬಗೆ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಲಾರಿ ಮಾಲೀಕರು ಹಾಗೆಂದು ಬರೆದುಕೊಟ್ಟು, ಪ್ಯಾನ್ ಕೊಟ್ಟರೆ ಏನೂ ಮುರಿಯಬೇಕಿಲ್ಲ. ಆದರೂ ತ್ರೈಮಾಸಿಕ ಪಟ್ಟಿಯಲ್ಲಿ ಅವರ ಪ್ಯಾನ್ ಮತ್ತು ಕೊಟ್ಟ ಬಾಡಿಗೆ ತೋರಿಸಲೇಬೇಕು. ತೆರಿಗೆ ಸೊನ್ನೆ ಎಂದು ಆ ಸಾಲನ್ನೇ ಬಿಟ್ಟುಬಿಡುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಲಾರಿಯವರ ಬರಹವನ್ನು ಬಿಲ್ಲಿನ ಜೊತೆಗೇ ಫೈಲಿನಲ್ಲಿ ಹಾಕಿಡಿ; ಬಾಡಿಗೆ ಕೊಟ್ಟ ಮೇಲೆ ಅದನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋಗುವುದು ಕಷ್ಟ.