ತುಟಿಯ ಮೇಲಿನ ಗುಳ್ಳೆ

ಹುಬ್ಬಳ್ಳಿಯ ದೇಶಪಾಂಡೆ ನಗರದ ಒಂದು ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಸಮಾರಂಭ ನಡೆದಿದೆ ಎಂದು ಭಾವಿಸೋಣ. ಬಂಧುಬಳಗದವರೆಲ್ಲ ಕೂಸನ್ನು ಎತ್ತಿಕೊಂಡು ಮುದ್ದಾಡುತ್ತಿದ್ದಾರೆ. ಸೋದರತ್ತೆಯ ತುಟಿಯಂಚಿನಲ್ಲಿ ನಾಲ್ಕಾರು ನೀರ್ಗುಳ್ಳೆಗಳು ಎದ್ದಿವೆ. ಅವುಗಳನ್ನು ಕಂಡ ಅಜ್ಜಿ, "ರಾತ್ರಿ ಹಲ್ಲಿ ಓಡಾಡಿರಬೇಕು" ಎನ್ನುತ್ತಾರೆ. ನೆರೆಮನೆಯವರು, "ಒಳಗಿನ ಜ್ವರ ತುಟಿಗೆ ಬಂದಿದೆ" ಎನ್ನುತ್ತಾರೆ. ಅತ್ತೆ ಕೂಸಿಗೆ ಮುತ್ತು ಕೊಡಬಹುದೇ? ಇದಕ್ಕೆ ಉತ್ತರ ಹೇಳಬೇಕಾದರೆ ಗುಳ್ಳೆಯ ಕಾರಣವನ್ನು ತಿಳಿಯಬೇಕು.

ಹಲ್ಲಿಗೂ ಈ ಗುಳ್ಳೆಗೂ ಯಾವ ಸಂಬಂಧವೂ ಇಲ್ಲ. ಇದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನಿಂದ ಉಂಟಾಗುತ್ತದೆ. 'ತೆವಳು' ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಹರ್ಪಿಸ್ ಎಂಬ ಹೆಸರು ಬಂದಿದೆ. ನಾವು ಸರ್ಪಸುತ್ತು ಎಂದು ಕರೆಯುವ ಬೇನೆಯನ್ನು ತರುವುದು ಇದೇ ಕುಲದ ಬೇರೊಂದು ವೈರಸ್ಸು. ಹರ್ಪಿಸ್ ಸಿಂಪ್ಲೆಕ್ಸಿನಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಹೆಚ್ಚಾಗಿ ಬಾಯಿ, ತುಟಿಗಳಿಗೆ ತಗಲುತ್ತದೆ; ಎರಡನೆಯದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಜಗತ್ತಿನ ೫೦ ವರ್ಷದೊಳಗಿನವರಲ್ಲಿ ನೂರಕ್ಕೆ ೬೪ ಮಂದಿಗೆ ಮೊದಲನೆಯ ಬಗೆಯ ಸೋಂಕು ಇದ್ದಿತು. ಆದುದರಿಂದ ಇದು ನಾಚಿಕೆಪಡತಕ್ಕ ರೋಗವಲ್ಲ.

ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಎಂಜಲಿನ ಮೂಲಕ ತಗಲುತ್ತದೆ. ಅನೇಕರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಬಾಯಿಯ ತೆಳುಪೊರೆಯ ಮೂಲಕ ಒಳಹೊಕ್ಕ ವೈರಸ್ಸು ನರದ ಗುಂಟ ಸಾಗಿ, ಕಿವಿಯ ಮುಂಭಾಗದ ಆಳದಲ್ಲಿ, ತಲೆಬುರುಡೆಯೊಳಗಿರುವ ನರಗಂಟಿನಲ್ಲಿ ಜೀವಮಾನವಿಡೀ ಅಡಗಿರುತ್ತದೆ. ಜ್ವರ, ಕಡುಬಿಸಿಲು, ಆಯಾಸ, ಮನಸ್ಸಿನ ಒತ್ತಡ ಮೊದಲಾದವುಗಳಿಂದ ಎಚ್ಚೆತ್ತು ಅದೇ ನರದ ಮೂಲಕ ತುಟಿಗೆ ಮರಳುತ್ತದೆ. ನೆರೆಮನೆಯವರ ಮಾತಿನಲ್ಲಿ ಇಷ್ಟುಮಟ್ಟಿಗೆ ಸತ್ಯವಿದೆ. ಗುಳ್ಳೆ ಒಡೆದು, ಹಕ್ಕಳೆಗಟ್ಟಿ, ಏಳರಿಂದ ಹತ್ತು ದಿನಗಳಲ್ಲಿ ಕಲೆಯುಳಿಯದಂತೆ ಮಾಯುತ್ತದೆ. ಗುಳ್ಳೆಯ ನೀರಿನಲ್ಲಿ ವೈರಸ್ಸು ಹೇರಳವಾಗಿರುತ್ತದೆ. ಗುಳ್ಳೆಯಿಲ್ಲದಾಗಲೂ ಎಂಜಲಿನಲ್ಲಿ ಕೆಲವೊಮ್ಮೆ ಇರುವುದುಂಟು.

ಚರ್ಮಕ್ಕೆ ಚರ್ಮ ಉಜ್ಜಿದರೂ ರೋಗ ಹರಡಬಲ್ಲದು. ೧೯೮೯ರ ಜುಲೈಯಲ್ಲಿ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಪ್ರೌಢಶಾಲಾ ಬಾಲಕರ ಕುಸ್ತಿ ಶಿಬಿರವೊಂದು ನಡೆಯಿತು. ಅಲ್ಲಿದ್ದ ೧೭೫ ಮಂದಿಯಲ್ಲಿ ೬೦ ಮಂದಿಗೆ ಈ ಸೋಂಕು ತಗಲಿತು. ಹೆಚ್ಚಿನವರಿಗೆ ತಲೆ, ಮುಖಗಳ ಮೇಲೆ ಗುಳ್ಳೆಗಳೆದ್ದವು. ಧಾರವಾಡ, ಬೆಳಗಾವಿ ಸೀಮೆಯ ಗರಡಿಮನೆಗಳಲ್ಲಿ ಪಟ್ಟು ಕಲಿಯುವ ಬಾಲಕರೂ ಇದನ್ನು ನೆನಪಿಡಬೇಕು. ಗುಳ್ಳೆಯೆದ್ದವನು ಅದು ಮಾಯುವವರೆಗೆ ಅಖಾಡಕ್ಕೆ ಇಳಿಯಬಾರದು.

ಈಗ ತೊಟ್ಟಿಲಿನ ಬಳಿಗೆ ಮರಳೋಣ. ದೊಡ್ಡವರಿಗೆ ಅಲ್ಪವಾದ ಈ ಬೇನೆ, ಹುಟ್ಟಿ ಒಂದು ತಿಂಗಳೂ ತುಂಬದ ಕೂಸಿನಲ್ಲಿ ಮಿದುಳು, ಯಕೃತ್ತುಗಳಿಗೆ ವ್ಯಾಪಿಸಿ ಪ್ರಾಣಕ್ಕೆ ಎರವಾಗಬಹುದು. ಆದುದರಿಂದ ಅತ್ತೆ ಗುಳ್ಳೆ ಪೂರ್ತಿಯಾಗಿ ಮಾಯುವವರೆಗೆ ಕೂಸಿಗೆ ಮುತ್ತು ಕೊಡಬಾರದು. ಸಾಬೂನಿನಿಂದ ಕೈ ತೊಳೆಯದೆ ಅದನ್ನು ಮುಟ್ಟಲೂಬಾರದು. ಗುಳ್ಳೆಯನ್ನು ಮುಟ್ಟಿದ ಕೈಯಿಂದ ಕಣ್ಣನ್ನು ಉಜ್ಜಿಕೊಂಡರೆ ದೃಷ್ಟಿಗೂ ಅಪಾಯವುಂಟು. ಲೋಟ, ಟವೆಲ್ಲುಗಳನ್ನು ಬೇರೆಯಾಗಿಡಬೇಕು. ಲೋಟವನ್ನು ಕಚ್ಚದೆ ಎತ್ತಿ ಕುಡಿಯುವ ನಮ್ಮ ಹಿರಿಯರ ರೂಢಿ ಇಲ್ಲಿ ಉಪಯುಕ್ತವಾದುದು.

ವೈರಸ್ಸನ್ನು ದೇಹದಿಂದ ಪೂರ್ಣವಾಗಿ ಹೊರದೂಡುವ ಔಷಧ ಇನ್ನೂ ದೊರೆತಿಲ್ಲ. ಆದರೆ ಅದರ ವೃದ್ಧಿಯನ್ನು ತಡೆಯುವ ಏಸೈಕ್ಲೋವಿರ್ ಎಂಬ ಔಷಧವುಂಟು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿ ೧೯೮೮ರ ನೊಬೆಲ್ ಪಾರಿತೋಷಕವನ್ನು ಇತರ ಇಬ್ಬರೊಡನೆ ಹಂಚಿಕೊಂಡರು. ಕೂಸಿಗೆ ಜ್ವರ ಬಂದರೆ, ಅದು ಹಾಲು ಕುಡಿಯದೆ ಮಂಕಾದರೆ, ಕೂಡಲೆ ವೈದ್ಯರ ಬಳಿಗೆ ಒಯ್ಯಬೇಕು.

ಅತ್ತೆಯನ್ನು ಸಮಾರಂಭದಿಂದ ದೂರವಿಡಬೇಕಾಗಿಲ್ಲ. ಅವರು ತೊಟ್ಟಿಲ ಹಗ್ಗ ಹಿಡಿದು ತೂಗಲಿ, ಜೋಗುಳ ಹಾಡಲಿ. ಮುತ್ತನ್ನು ಹದಿನೈದು ದಿನ ಮುಂದೂಡಿದರೆ ಪ್ರೀತಿಗೇನೂ ಕೊರತೆಯಾಗದು.