ನಂಜೇರಿದ ಜ್ವರದಲ್ಲಿ ರಕ್ತಸ್ಕಂದನದ ವಿಪರೀತಗತಿ

ಕನ್ನಡದಲ್ಲಿ ವಿಜ್ಞಾನವನ್ನು ಬೋಧಿಸುವ ಅಧ್ಯಾಪಕಮಿತ್ರರೊಬ್ಬರು ಈಚೆಗೆ ಒಂದು ಶಬ್ದವನ್ನು ಕೇಳಿಕೊಂಡು ನನ್ನಲ್ಲಿಗೆ ಬಂದರು. ಬ್ಯಾಕ್ಟೀರಿಯಗಳಿಂದುಂಟಾದ ತೀವ್ರವಾದ ಸೋಂಕಿನಲ್ಲಿ ರೋಗಿಯ ಮೈಮೇಲೆ ಕೆನ್ನೀಲಿ ಕಲೆಗಳೆದ್ದು, ಒಸಡಿನಿಂದಲೂ ಸೂಜಿ ಚುಚ್ಚಿದ ಎಡೆಯಿಂದಲೂ ನೆತ್ತರು ಜಿನುಗತೊಡಗುವ ಅವಸ್ಥೆಯೊಂದುಂಟು. ಅದನ್ನವರು ತಮ್ಮ ಟಿಪ್ಪಣಿಯಲ್ಲಿ ‘ರಕ್ತ ಹೆಪ್ಪುಗಟ್ಟದ ರೋಗ’ ಎಂದು ಬರೆದುಕೊಂಡಿದ್ದರು. ಇದಕ್ಕಿಂತ ಗಂಭೀರವಾದ ಸಂಸ್ಕೃತಪದವೊಂದು ಬೇಕೆಂಬುದು ಅವರ ಅಪೇಕ್ಷೆ. ನಾನು ವೈದ್ಯನಲ್ಲ, ಶಬ್ದಶಾಸ್ತ್ರದ ವಿದ್ಯಾರ್ಥಿ. ಆದರೂ ಅರ್ಥವನ್ನರಿಯದೆ ಶಬ್ದವನ್ನು ಕಟ್ಟುವುದು ಪಾಪವೆಂದು ಪಾಠಶಾಲೆಯಲ್ಲಿ ಕಲಿತವನಾದುದರಿಂದ, ವೈದ್ಯಮಿತ್ರರ ಸಹಾಯದಿಂದ ಆ ವಿಷಯವನ್ನು ಕೆಲಕಾಲ ಓದಿ ನೋಡಿದೆನು. ಆಗ ತಿಳಿದುಬಂದದ್ದೇನೆಂದರೆ, ಆ ಹೆಸರಿನ ಕೊರತೆ ಗಾಂಭೀರ್ಯದ್ದಲ್ಲ, ಅರ್ಥದ್ದು. ಅಲ್ಲಿ ರಕ್ತವು ಹೆಪ್ಪುಗಟ್ಟದಿರುವುದು ರೋಗವಲ್ಲ. ಕಂಡಕಂಡಲ್ಲಿ ಹೆಪ್ಪುಗಟ್ಟಿದ್ದೇ ರೋಗ. ಹೊರಗೆ ಕಾಣುವ ಸ್ರಾವವು ಅದರ ಪರಿಣಾಮ. ಹೆಸರು ಕಾರ್ಯವನ್ನು ಹಿಡಿದು ಕಾರಣವನ್ನು ಬಿಟ್ಟಿದೆ.

‘ಹೆಪ್ಪು’ ಎಂಬ ನಮ್ಮ ಮನೆಮಾತು ಈ ವಿಷಯಕ್ಕೆ ಬಹಳ ಒಪ್ಪುತ್ತದೆ. ಕಾಯಿಸಿ ಆರಿಸಿದ ಹಾಲು ತನ್ನಷ್ಟಕ್ಕೆ ಒಳ್ಳೆಯ ಮೊಸರಾಗುವುದಿಲ್ಲ. ಹೊರಗಿನಿಂದ ಒಂದು ಚಮಚ ಹೆಪ್ಪು ಬೀಳಬೇಕು. ರಕ್ತದ ವಿಷಯವೂ ಹೀಗೆಯೇ. ನಾಳದೊಳಗೆ ಹರಿಯುವ ರಕ್ತದಲ್ಲಿ ಗರಣೆಗಟ್ಟುವುದಕ್ಕೆ ಬೇಕಾದ ದ್ರವ್ಯಗಳೆಲ್ಲವೂ ಇರುತ್ತವೆ. ಹೆಪ್ಪು ಮಾತ್ರ ಇರುವುದಿಲ್ಲ. ಅದು ನಾಳದ ಗೋಡೆಯ ಆಚೆ, ಸುತ್ತಣ ಅಂಗಾಂಶದಲ್ಲಿ ಕಾದುಕೊಂಡಿರುತ್ತದೆ. ಆದಕಾರಣವೇ ವಿಜ್ಞಾನಿಗಳು ಅದನ್ನು ‘ಟಿಶ್ಯೂ ಫ್ಯಾಕ್ಟರ್’, ಎಂದರೆ ಅಂಗಾಂಶದ ಅಂಶವೆಂದು ಕರೆದಿದ್ದಾರೆ. ಗಾಯವಾಗಿ ಗೋಡೆ ಹರಿದಾಗ ರಕ್ತವೂ ಹೆಪ್ಪೂ ಕೂಡುತ್ತವೆ. ಒಂದು ದ್ರವ್ಯವು ಮುಂದಿನದನ್ನು ಎಬ್ಬಿಸುತ್ತ, ಅದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ, ಕಡೆಗೆ ಥ್ರಾಂಬಿನ್ ಎಂಬುದು ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೊಜೆನ್ನನ್ನು ಫೈಬ್ರಿನ್ ಎಂಬ ನೂಲನ್ನಾಗಿ ಮಾಡುತ್ತದೆ. ಪ್ಲೇಟ್‌ಲೆಟ್ಟುಗಳೆಂಬ ಕಿರುತಟ್ಟೆಗಳು ಬಿರುಕಿಗೆ ಬಂದು ಅಂಟಿಕೊಳ್ಳುತ್ತವೆ, ನೂಲು ಅವುಗಳ ಮೇಲೆ ಬಲೆಯಾಗುತ್ತದೆ. ಈ ಪರಂಪರೆಯ ಮುಖ್ಯಸೂತ್ರವನ್ನು ಜರ್ಮನಿಯ ಪಾಲ್ ಮೊರಾವಿಟ್ಸ್ ಎಂಬವರು 1905ರಲ್ಲಿ ನಿರೂಪಿಸಿದರು; ಒಂದರಿಂದೊಂದಕ್ಕೆ ಧುಮುಕುವ ಜಲಪಾತದ ಉಪಮೆಯಿಂದ ಅದರ ಮೆಟ್ಟಿಲುಗಳನ್ನು ವಿವರಿಸಿದ್ದು 1964ರಲ್ಲಿ.

ಹಾಲಿನ ಉಪಮೆ ಇಲ್ಲಿಗೆ ನಿಲ್ಲುತ್ತದೆ. ಮೊಸರಿಗೆ ‘ಸಾಕು’ ಎನ್ನುವವರಿಲ್ಲ. ಪಾತ್ರೆಯಲ್ಲಿರುವ ಹಾಲೆಲ್ಲವೂ ಮೊಸರಾಗಿಯೇ ತೀರುತ್ತದೆ. ರಕ್ತದಲ್ಲಾದರೋ ತಡೆಯುವವರೂ ಇದ್ದಾರೆ. ಆಂಟಿಥ್ರಾಂಬಿನ್, ಪ್ರೋಟೀನ್-ಸಿ ಎಂಬಿವು ಗರಣೆಯು ಗಾಯದ ಎಲ್ಲೆಯನ್ನು ಮೀರದಂತೆ ಕಾಯುತ್ತವೆ. ಪ್ಲಾಸ್ಮಿನ್ ಎಂಬುದು ಕೆಲಸ ಮುಗಿದ ಮೇಲೆ ಬಲೆಯನ್ನು ಕರಗಿಸುತ್ತದೆ. ಕಟ್ಟುವವರೂ ತಡೆಯುವವರೂ ಕರಗಿಸುವವರೂ ಸರಿಸಮನಾಗಿರುವುದೇ ಆರೋಗ್ಯ.

ಸಂಸ್ಕೃತದಲ್ಲಿ ಇದಕ್ಕೆ ಸಿದ್ಧವಾದ ಶಬ್ದವೊಂದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನಾಲ್ಕನೆಯ ಅಧ್ಯಾಯದಲ್ಲಿ ರಕ್ತವನ್ನು ನಿಲ್ಲಿಸುವುದಕ್ಕೆ ಸಂಧಾನ, ಸ್ಕಂದನ, ಪಾಚನ, ದಹನ ಎಂಬ ನಾಲ್ಕು ಉಪಾಯಗಳು ಹೇಳಲ್ಪಟ್ಟಿವೆ. ಇವುಗಳಲ್ಲಿ ಸ್ಕಂದನವೆಂದರೆ ಗಟ್ಟಿಯಾಗುವಂತೆ ಮಾಡುವುದು. ಸುಶ್ರುತನಿಗೆ ಫೈಬ್ರಿನ್ ತಿಳಿದಿತ್ತೆಂದು ಹೇಳುವ ಭಕ್ತರ ಗುಂಪಿಗೆ ನಾನು ಸೇರಿದವನಲ್ಲ. ಶಬ್ದವು ಮಾತ್ರ ನಿರ್ದುಷ್ಟವಾಗಿದೆ, ಅದನ್ನು ತೆಗೆದುಕೊಳ್ಳಬಹುದು.

ಇನ್ನು ರೋಗದ ವಿಚಾರ. ಬ್ಯಾಕ್ಟೀರಿಯಗಳು ರಕ್ತವನ್ನು ಹೊಕ್ಕು, ದೇಹವು ಅವುಗಳ ಮೇಲೆ ಹೂಡಿದ ಯುದ್ಧವು ಅಂಕೆತಪ್ಪಿ ಸ್ವಂತ ಅಂಗಗಳನ್ನೇ ಕೆಡಿಸತೊಡಗಿದರೆ ಅದಕ್ಕೆ ಸೆಪ್ಸಿಸ್ ಎಂದು ಹೆಸರು. ಕನ್ನಡದಲ್ಲಿ ನಂಜೇರಿಕೆಯೆಂದರೆ ಸಾಕು. ಇದು ವಿರಳವಾದ ರೋಗವೆಂದು ಭಾವಿಸಬಾರದು. 2017ರಲ್ಲಿ ಪ್ರಪಂಚದಲ್ಲೆಲ್ಲ 4 ಕೋಟಿ 89 ಲಕ್ಷ ಮಂದಿಗೆ ಇದು ತಗುಲಿತೆಂದೂ, ಅವರಲ್ಲಿ 1 ಕೋಟಿ 10 ಲಕ್ಷ ಮಂದಿ ತೀರಿಕೊಂಡರೆಂದೂ 2020ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಈ ಸ್ಥಿತಿಯಲ್ಲಿ ನಡೆಯುವ ಮೊದಲ ಅನರ್ಥವೇನೆಂದರೆ, ನಾಳದಾಚೆ ಇರಬೇಕಾದ ಹೆಪ್ಪು ನಾಳದೊಳಗೇ ಹುಟ್ಟುವುದು. ಬ್ಯಾಕ್ಟೀರಿಯಗಳ ವಿಷಸ್ಪರ್ಶದಿಂದ ಉದ್ರಿಕ್ತವಾದ ಬಿಳಿಯ ರಕ್ತಕಣಗಳು ಆ ಟಿಶ್ಯೂ ಫ್ಯಾಕ್ಟರನ್ನು ತಮ್ಮ ಮೈಮೇಲೆಯೇ ತಳೆಯುತ್ತವೆ. ಬೇಹಿನವರು ಕೋಟೆಯ ಒಳಗಿನಿಂದಲೇ ಬಾಗಿಲನ್ನು ತೆರೆದಂತಾಯಿತು. ಅದೇ ಹೊತ್ತಿನಲ್ಲಿ ತಡೆಯುವ ಪ್ರೋಟೀನ್-ಸಿಯೂ ಆಂಟಿಥ್ರಾಂಬಿನ್ನೂ ಕುಗ್ಗುತ್ತವೆ. ಕರಗಿಸುವ ಪ್ಲಾಸ್ಮಿನ್ನಿಗೂ ಅಡ್ಡಿ ಬರುತ್ತದೆ. ಕೂದಲಿಗಿಂತ ಸೂಕ್ಷ್ಮವಾದ ಸಾವಿರಾರು ನಾಳಗಳಲ್ಲಿ ಫೈಬ್ರಿನ್ ನೂಲು ತುಂಬಿಕೊಂಡು, ಮೂತ್ರಪಿಂಡ ಶ್ವಾಸಕೋಶ ಮೊದಲಾದ ಅಂಗಗಳಿಗೂ ಬೆರಳ ತುದಿಗಳಿಗೂ ರಕ್ತ ಹರಿಯದೆ ಹೋಗುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಇಷ್ಟೊಂದು ಹೆಪ್ಪುಗಟ್ಟುವ ರಕ್ತವು ಒಸಡಿನಿಂದ ಸುರಿಯುವುದೇಕೆ? ಸಮಾಧಾನವು ಗೃಹಸ್ಥರೆಲ್ಲರಿಗೂ ತಿಳಿದದ್ದೇ: ವ್ಯಯವು ಆಯವನ್ನು ಮೀರಿದೆ. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಕಿರುತಟ್ಟೆಗಳಿರುತ್ತವೆ. ಕಾಣದ ನಾಳಗಳಲ್ಲಿ ಬೇಡದ ಗರಣೆಗಳನ್ನು ಕಟ್ಟುವುದಕ್ಕೆ ಅವು ಮುಗಿದುಹೋಗಿ, ಸಂಖ್ಯೆಯು 50 ಸಾವಿರಕ್ಕೂ ಕೆಳಗಿಳಿಯುವುದುಂಟು. ಸ್ಕಂದನದ ಇತರ ದ್ರವ್ಯಗಳೂ ಹೀಗೆಯೇ ಸವೆಯುತ್ತವೆ. ಆಮೇಲೆ ನಿಜವಾದ ಗಾಯವೊಂದು ಬಂದರೆ ಅದನ್ನು ಮುಚ್ಚುವುದಕ್ಕೆ ಉಗ್ರಾಣದಲ್ಲಿ ಏನೂ ಉಳಿದಿರುವುದಿಲ್ಲ. ಆದುದರಿಂದಲೇ ವೈದ್ಯರು ಇದನ್ನು ವ್ಯಯಜನ್ಯವಾದ ಸ್ಕಂದನದೋಷವೆಂದೂ ಕರೆಯುತ್ತಾರೆ. ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು 2001ರಲ್ಲಿ ಇದನ್ನು ಗುರುತಿಸುವುದಕ್ಕೆ ಅಂಕಗಳ ಕ್ರಮವೊಂದನ್ನು ಗೊತ್ತುಮಾಡಿತು. ಕಿರುತಟ್ಟೆಗಳ ಸಂಖ್ಯೆ, ಫೈಬ್ರಿನ್ ಒಡೆದ ಚೂರುಗಳ ಪ್ರಮಾಣ, ರಕ್ತವು ಕಟ್ಟುವುದಕ್ಕೆ ಹಿಡಿಯುವ ಕಾಲ, ಫೈಬ್ರಿನೊಜೆನ್ನಿನ ಮೊತ್ತ ಇವುಗಳಿಗೆ ಅಂಕವನ್ನು ಕೊಟ್ಟು, ಕೂಡಿದಾಗ 5 ಅಥವಾ ಅದಕ್ಕೆ ಮೇಲಾದರೆ ರೋಗವು ವ್ಯಕ್ತವಾಗಿದೆಯೆಂದು ಎಣಿಸುತ್ತಾರೆ.

ನಂಜು ಎಂಬ ಶಬ್ದವನ್ನು ಕುರಿತು ಇಲ್ಲಿಯೇ ಒಂದು ಮಾತು. ಕನ್ನಡಿಗರು ಹಾವಿನ ವಿಷಕ್ಕೂ ನಂಜೆನ್ನುತ್ತಾರೆ, ಕೀತ ಗಾಯಕ್ಕೂ ನಂಜಾಯಿತೆನ್ನುತ್ತಾರೆ. ಇದು ಭಾಷೆಯ ಬಡತನವೆಂದು ನಾನು ಹಿಂದೆ ಭಾವಿಸಿದ್ದೆನು. ಆದರೆ ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ವಿಷವನ್ನು ನೋಡಿರಿ. ಅದರಲ್ಲಿ ಸ್ಕಂದನಪರಂಪರೆಯ ನಡುವಣ ದ್ರವ್ಯಗಳನ್ನು ನೇರವಾಗಿ ಎಬ್ಬಿಸುವ ಅಂಶಗಳಿವೆ. ಅದು ಮೈಯೊಳಗೆ ಹೊಕ್ಕರೆ ಫೈಬ್ರಿನೊಜೆನ್ ಸವೆದುಹೋಗಿ, ರೋಗಿಯ ರಕ್ತವನ್ನು ಗಾಜಿನ ಕೊಳವೆಯಲ್ಲಿ ತೆಗೆದು 20 ನಿಮಿಷ ಅಲ್ಲಾಡಿಸದೆ ಇಟ್ಟರೂ ಗಟ್ಟಿಯಾಗುವುದಿಲ್ಲ. ಆಸ್ಪತ್ರೆಗಳಲ್ಲಿ ಇದೇ ಪರೀಕ್ಷೆಯಾಗಿದೆ. ಅದೇ ವಿಷವನ್ನು ಬಹಳ ತೆಳುಮಾಡಿ ಹೊರಗಿನ ಗಾಯಕ್ಕೆ ಹಚ್ಚಿದರೆ ರಕ್ತವು ಕೂಡಲೆ ಕಟ್ಟುತ್ತದೆ. ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬವರು ಹೀಗೆ ರಕ್ತಸ್ರಾವವನ್ನು ನಿಲ್ಲಿಸುವ ಸಾಧ್ಯತೆಯನ್ನು ಕುರಿತು 1934ರಲ್ಲಿ ಬರೆದರು. ಒಂದೇ ವಸ್ತು ಹೊರಗೆ ಕಟ್ಟುತ್ತದೆ, ಒಳಗೆ ಕಟ್ಟಿ ಕಟ್ಟಿ ಬರಿದುಮಾಡುತ್ತದೆ. ಹಾವಿನ ನಂಜೂ ಸೋಂಕಿನ ನಂಜೂ ಬೇರೆ ಬೇರೆ ಬಾಗಿಲಿನಿಂದ ಹೊಕ್ಕು ಒಂದೇ ಉಗ್ರಾಣವನ್ನು ಸೂರೆಮಾಡುತ್ತವೆಂದ ಮೇಲೆ, ಒಂದೇ ಶಬ್ದವಿರುವುದಕ್ಕೆ ನಾನು ಈಗ ನಾಚುವುದಿಲ್ಲ. ಹಳಬರಿಗೆ ಇದು ತಿಳಿದಿತ್ತೆಂದು ಮಾತ್ರ ಯಾರೂ ತಿಳಿಯಬಾರದು, ಇದು ಕಾಕತಾಳೀಯ.

ಈ ರೋಗದ ಅತ್ಯಂತ ಘೋರವಾದ ರೂಪವು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯದ ಸೋಂಕಿನಲ್ಲಿ ಕಾಣುತ್ತದೆ. ಬೆಳಗ್ಗೆ ಆಡುತ್ತಿದ್ದ ಮಗು ಸಂಜೆಗೆ ಜ್ವರದಿಂದ ಮಲಗಿ, ಮೈಯೆಲ್ಲ ಕೆನ್ನೀಲಿ ಕಲೆಗಳಾಗಿ, ಮರುದಿನದೊಳಗೆ ತೀರಿಕೊಳ್ಳುವುದುಂಟು. ಮರಣಾನಂತರ ನೋಡಿದರೆ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳೆರಡರಲ್ಲಿಯೂ ರಕ್ತ ತುಂಬಿರುತ್ತದೆ. ಇದನ್ನು ಇಂಗ್ಲೆಂಡಿನ ವಾಟರ್‌ಹೌಸ್ 1911ರಲ್ಲಿಯೂ ಡೆನ್ಮಾರ್ಕಿನ ಫ್ರಿಡೆರಿಕ್ಸೆನ್ 1918ರಲ್ಲಿಯೂ ವರ್ಣಿಸಿದರು. ಇಬ್ಬರ ಹೆಸರೂ ಕೂಡಿ ರೋಗಲಕ್ಷಣಕ್ಕೆ ಉಳಿದುಕೊಂಡಿದೆ. ಸೋಂಕಿಗೂ ಸ್ಕಂದನಕ್ಕೂ ಇರುವ ಸಂಬಂಧವನ್ನು ಪ್ರಯೋಗದಿಂದ ತೋರಿಸಿದವರು 1924ರಲ್ಲಿ ಇಟಲಿಯ ಸನರೆಲ್ಲಿ, 1928ರಲ್ಲಿ ಶ್ವಾರ್ಟ್ಸ್‌ಮನ್. ಬ್ಯಾಕ್ಟೀರಿಯದ ವಿಷವನ್ನು ಮೊಲದ ರಕ್ತಕ್ಕೆ ಒಮ್ಮೆ ಕೊಟ್ಟು, ಸುಮಾರು ಒಂದು ದಿನ ಬಿಟ್ಟು ಮತ್ತೊಮ್ಮೆ ಕೊಟ್ಟರೆ, ಅದರ ಎರಡು ಮೂತ್ರಪಿಂಡಗಳ ನಾಳಗಳೂ ಫೈಬ್ರಿನ್ನಿನಿಂದ ಮುಚ್ಚಿಹೋಗುತ್ತವೆ. ರಕ್ತವು ಕಟ್ಟದಂತೆ ಮಾಡುವ ಹೆಪಾರಿನ್ನನ್ನು ಮುಂದಾಗಿ ಕೊಟ್ಟಿದ್ದರೆ ಮೊಲವು ಪಾರಾಗುವುದೆಂದು ಗುಡ್ ಮತ್ತು ಥಾಮಸ್ 1953ರಲ್ಲಿ ತೋರಿಸಿದರು. ‘ಮುಂದಾಗಿ’ ಎಂಬ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು. ಆಸ್ಪತ್ರೆಗೆ ಬರುವ ಮನುಷ್ಯನಿಗೆ ಯಾವುದನ್ನೂ ಮುಂದಾಗಿ ಕೊಡಲಾಗುವುದಿಲ್ಲ.

ನನ್ನಂತೆ ಸಂಸ್ಕೃತವನ್ನೋದಿದವರು ಈ ಲಕ್ಷಣಗಳನ್ನು ಕೇಳಿದೊಡನೆ ‘ಇದು ರಕ್ತಪಿತ್ತವಲ್ಲವೆ?’ ಎನ್ನುವುದು ಸಹಜ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಜ್ವರದ ತಾಪದಿಂದ ರಕ್ತಪಿತ್ತವು ಹುಟ್ಟುವುದೆಂಬ ಮಾತಿದೆ. ಬಾಯಿ ಮೂಗುಗಳಿಂದ ಮೇಲಕ್ಕೂ ಮಲಮೂತ್ರಮಾರ್ಗಗಳಿಂದ ಕೆಳಕ್ಕೂ ರಕ್ತ ಹರಿಯುವುದೆಂಬ ವರ್ಣನೆಯೂ ಇದೆ. ಹೋಲಿಕೆ ಸುಳ್ಳಲ್ಲ. ಆದರೆ ರಕ್ತಪಿತ್ತವೆಂಬುದು ಮೈಯಿಂದ ರಕ್ತ ಬೀಳುವ ಅನೇಕ ರೋಗಗಳಿಗೆ ಹೊದಿಸಿದ ಒಂದೇ ಹೊದಿಕೆ; ನಾಳದೊಳಗಣ ಸ್ಕಂದನದ ಸುಳಿವು ಅಲ್ಲಿಲ್ಲ. ಅಲ್ಲದೆ ಬಲವಂತನಾದ ರೋಗಿಯಲ್ಲಿ ಕೆಟ್ಟ ರಕ್ತದ ಸ್ರಾವವನ್ನು ಆದಿಯಲ್ಲಿಯೇ ತಡೆಯಬಾರದೆಂದು ಚಿಕಿತ್ಸಾಸ್ಥಾನವು ಹೇಳುತ್ತದೆ. ಹೆಸರನ್ನು ಎರವಲು ತಂದವನು ಹೆಸರಿನ ಬೆನ್ನಿಗೆ ಬರುವ ಈ ವಿಧಿಯನ್ನೂ ತಂದನೆಂದರೆ, ಗಂಟೆಗಳ ಲೆಕ್ಕದಲ್ಲಿ ಸಾಯುವ ರೋಗಿಯ ಮುಂದೆ ಕಾಯುತ್ತ ಕುಳಿತಂತಾಗುತ್ತದೆ. ಗ್ರಂಥಗೌರವವುಳ್ಳವನಾಗಿಯೇ ಹೇಳುತ್ತೇನೆ: ಈ ಸಮೀಕರಣವನ್ನು ಮಾಡಬಾರದು.

ದೇಹಕ್ಕೆ ಇಂತಹ ಆತ್ಮಘಾತುಕವಾದ ಸ್ವಭಾವವೇಕೆ ಬಂದಿತು? ಇದಕ್ಕೆ ಉತ್ತರವು ಸಮುದ್ರತೀರದಲ್ಲಿ ದೊರಕಿತು. ಅಮೆರಿಕದ ಪೂರ್ವಕರಾವಳಿಯಲ್ಲಿಯೂ, ನಮ್ಮ ಒಡಿಶಾದ ತೀರದಲ್ಲಿಯೂ ಕುದುರೆಲಾಳದ ಏಡಿಯೆಂಬ ಪ್ರಾಣಿಯ ಜಾತಿಗಳಿವೆ. ಹೆಸರು ಏಡಿಯಾದರೂ ಅದು ಜೇಡಕ್ಕೆ ಹತ್ತಿರದ ನೆಂಟ. ಅದರ ರಕ್ತ ತಾಮ್ರದ ಅಂಶದಿಂದ ನೀಲಿಯಾಗಿರುತ್ತದೆ. ಕೆಲವು ಬ್ಯಾಕ್ಟೀರಿಯಗಳು ಸೋಕಿದೊಡನೆ ಆ ರಕ್ತವು ಗಟ್ಟಿಯಾಗುವುದನ್ನು ಫ್ರೆಡರಿಕ್ ಬ್ಯಾಂಗ್ ಎಂಬವರು 1956ರಲ್ಲಿ ಪ್ರಕಟಿಸಿದರು. ಶತ್ರುವನ್ನು ಗರಣೆಯಲ್ಲಿ ಹೂತು ನಿಲ್ಲಿಸುವುದೇ ಅದರ ರಕ್ಷಣೆ. ಮುಂದೆ ಬ್ಯಾಂಗ್ ಮತ್ತು ಲೆವಿನ್ ಸೇರಿ ಇದನ್ನೇ ಪರೀಕ್ಷೆಯಾಗಿ ಮಾಡಿದರು. ಚುಚ್ಚುಮದ್ದುಗಳಲ್ಲಿ ಬ್ಯಾಕ್ಟೀರಿಯದ ವಿಷ ಉಳಿದಿದೆಯೇ ಎಂದು ಆ ಪ್ರಾಣಿಯ ರಕ್ತದ ಸಾರದಿಂದ ನೋಡುವ ಪದ್ಧತಿ ಬಂದಿತು. ಮನುಷ್ಯನಲ್ಲಿಯೂ ಸಣ್ಣ ನಾಳವೊಂದರ ಗರಣೆ ಬ್ಯಾಕ್ಟೀರಿಯವನ್ನು ಸೆರೆಹಿಡಿಯುವ ಬಲೆಯೇ ಎಂಬುದು ಈಚಿನ ಮತ. ಬಿಳಿಯ ಕಣಗಳು ಸಾಯುವಾಗ ತಮ್ಮ ಒಡಲಿನ ಡಿಎನ್‌ಎ ನೂಲನ್ನೇ ಬಲೆಯಾಗಿ ಹರಡುವುದು 2004ರಲ್ಲಿ ಕಂಡುಬಂದಿತು. ಆ ಬಲೆಯ ಮೇಲೆಯೂ ಗರಣೆ ಕಟ್ಟುತ್ತದೆ. ಒಂದೂರಿನಲ್ಲಿ ಒಂದು ಬೀದಿಯನ್ನು ಮುಚ್ಚಿದರೆ ಕಳ್ಳ ಸಿಕ್ಕುತ್ತಾನೆ. ಎಲ್ಲ ಬೀದಿಗಳನ್ನೂ ಮುಚ್ಚಿದರೆ ಊರೇ ಉಪವಾಸ ಬೀಳುತ್ತದೆ.

ಬ್ಯಾಕ್ಟೀರಿಯಗಳೂ ಈ ವಿದ್ಯೆಯನ್ನು ಬಲ್ಲವು. ಸ್ಟಫಿಲೊಕಾಕಸ್ ಆರಿಯಸ್ ಎಂಬುದು ತಾನೇ ಗರಣೆಯನ್ನು ಕಟ್ಟಿಕೊಂಡು ಅದರ ಮರೆಯಲ್ಲಿ ಅಡಗುತ್ತದೆ. ಸ್ಟ್ರೆಪ್ಟೊಕಾಕಸ್ ಎಂಬುದು ಗರಣೆಯನ್ನು ಕರಗಿಸಿಕೊಂಡು ಹರಡುತ್ತದೆ. ಈ ಕರಗಿಸುವ ಶಕ್ತಿಯನ್ನು 1933ರಲ್ಲಿ ಟಿಲೆಟ್ ಮತ್ತು ಗಾರ್ನರ್ ಕಂಡುಹಿಡಿದರು. ಅದರಿಂದ ಬಂದ ಸ್ಟ್ರೆಪ್ಟೊಕೈನೇಸ್ ಹೃದಯಾಘಾತಕ್ಕೆ ಔಷಧವಾಯಿತು.

ಚಿಕಿತ್ಸೆಯ ಕಥೆ ಅಷ್ಟು ಸುಖಕರವಾದುದಲ್ಲ. ಪ್ರೋಟೀನ್-ಸಿ ಕುಗ್ಗುವುದಾದರೆ ಅದನ್ನೇ ಹೊರಗಿನಿಂದ ಕೊಡಬಹುದಲ್ಲವೇ ಎಂಬ ತರ್ಕದಿಂದ ಜೈಗ್ರಿಸ್ ಎಂಬ ಔಷಧವನ್ನು ಮಾಡಿದರು. 2001ರಲ್ಲಿ ಪ್ರಕಟವಾದ 1690 ರೋಗಿಗಳ ಪರೀಕ್ಷೆಯಲ್ಲಿ, ಔಷಧವಿಲ್ಲದವರಲ್ಲಿ ನೂರಕ್ಕೆ 30.8 ಮಂದಿ ಸತ್ತರೆ, ಔಷಧ ಪಡೆದವರಲ್ಲಿ 24.7 ಮಂದಿ ಸತ್ತರು. ಅದೇ ವರ್ಷ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮತ್ತೆ ಸುಮಾರು ಅಷ್ಟೇ ರೋಗಿಗಳಲ್ಲಿ ಪರೀಕ್ಷಿಸಿದಾಗ ಔಷಧ ಪಡೆದವರಲ್ಲಿ 26.4, ಪಡೆಯದವರಲ್ಲಿ 24.2 ಮರಣಗಳಾದವು, ಪ್ರಯೋಜನವು ಕಾಣಲಿಲ್ಲ. 2011ರ ಅಕ್ಟೋಬರಿನಲ್ಲಿ ಔಷಧವನ್ನು ಪೇಟೆಯಿಂದ ಹಿಂದೆಗೆದುಕೊಂಡರು. ಯುಕ್ತಿ ಎಷ್ಟೇ ಸುಂದರವಾಗಿದ್ದರೂ ಪ್ರತ್ಯಕ್ಷಕ್ಕೆ ತಲೆಬಾಗಬೇಕೆಂಬ ನ್ಯಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ. ಆ ಔಷಧವನ್ನು ಒಪ್ಪಿದ್ದ ಶಾಸ್ತ್ರವೇ ಹತ್ತು ವರ್ಷಗಳ ಮೇಲೆ ತನ್ನ ಮಾತನ್ನು ತಾನೇ ಹಿಂದೆಗೆದುಕೊಂಡಿತಲ್ಲಾ, ಅದು ಮೆಚ್ಚತಕ್ಕ ಸಂಗತಿ.

ಈಗಿನ ಪದ್ಧತಿಯೆಂದರೆ ಮೂಲವಾದ ಸೋಂಕನ್ನು ಹೊಡೆಯುವುದು. ರಕ್ತದೊತ್ತಡ ಕುಸಿದ ಸೆಪ್ಸಿಸ್ಸಿನಲ್ಲಿ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಕೊಡಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಕೀವಿದ್ದರೆ ತೆಗೆಯಬೇಕು. ಕಿರುತಟ್ಟೆಗಳನ್ನೂ ರಕ್ತದ ನೀರನ್ನೂ ತುಂಬುವುದು ಪರೀಕ್ಷೆಯ ಅಂಕಿಗಳನ್ನು ಸರಿಪಡಿಸುವುದಕ್ಕಲ್ಲ. ರೋಗಿಗೆ ನಿಜವಾಗಿ ಸ್ರಾವವಿದ್ದರೆ ಅಥವಾ ಆಗುವ ಭಯವಿದ್ದರೆ ಮಾತ್ರ. ‘ಹೆಪ್ಪುಗಟ್ಟದ ರೋಗ’ವೆಂಬ ಹೆಸರನ್ನು ನಂಬಿದವನಿಗೆ ಈ ಕ್ರಮವು ಅರ್ಥವಾಗುವುದೇ ಇಲ್ಲ. ನೆತ್ತರು ಸೋರುತ್ತಿರುವಾಗ ಕಟ್ಟುವ ಮದ್ದನ್ನು ಬಿಟ್ಟು ಸೋಂಕಿನ ಹಿಂದೆ ಓಡುವುದೇಕೆಂದು ಅವನು ವೈದ್ಯನೊಡನೆ ಜಗಳವಾಡಬಹುದು.

ಮನೆಯವರು ತಿಳಿದಿರತಕ್ಕದ್ದು ಒಂದಿದೆ. ಜ್ವರದೊಡನೆ ಮೈಮೇಲೆ ಸೂಜಿಮೊನೆಯಷ್ಟು ಕೆಂಪು ಅಥವಾ ಕೆನ್ನೀಲಿ ಚುಕ್ಕೆಗಳೆದ್ದರೆ, ಗಾಜಿನ ಲೋಟದ ಪಕ್ಕವನ್ನು ಅದರ ಮೇಲೆ ಒತ್ತಿ ನೋಡಬೇಕು. ಸಾಮಾನ್ಯವಾದ ಗಂಧೆ ಒತ್ತಿದಾಗ ಮಾಸುತ್ತದೆ. ಇದು ಮಾಸುವುದಿಲ್ಲ, ಏತಕ್ಕೆಂದರೆ ರಕ್ತವು ನಾಳದಿಂದ ಹೊರಬಿದ್ದಿದೆ. ನಮ್ಮಂತಹ ಕಪ್ಪುಬಣ್ಣದವರಲ್ಲಿ ಅಂಗೈ, ಅಂಗಾಲು, ರೆಪ್ಪೆಯ ಒಳಮೈಗಳಲ್ಲಿ ಹುಡುಕಬೇಕು. ಮಾಸದಿದ್ದರೆ ಬೆಳಗಾಗಲೆಂದು ಕಾಯಬಾರದು. ಚುಕ್ಕೆ ಮಾಸಿದರೂ, ಅಥವಾ ಏಳದೆಯೇ ಇದ್ದರೂ, ರೋಗಿಯು ಮಂಕಾಗಿ ಏದುತ್ತಿದ್ದರೆ ಅದೇ ಮಾತು.

ಅಧ್ಯಾಪಕಮಿತ್ರರಿಗೆ ನಾನು ಕೊಟ್ಟದ್ದು ಎರಡು ಶಬ್ದಗಳು: ಗ್ರಂಥಕ್ಕೆ ‘ಅಂತರ್ನಾಳ ವ್ಯಾಪಕಸ್ಕಂದನ’, ತರಗತಿಗೆ ‘ನಾಳದೊಳಗಣ ಹರಡುಹೆಪ್ಪು’. ಅವರು ಮೊದಲನೆಯದನ್ನು ಕೇಳಿಕೊಂಡು ಬಂದಿದ್ದರು. ಎರಡನೆಯದನ್ನು ಬರೆದುಕೊಂಡು ಹೋದರು.